‘ಆಶ್ರಯ’ ಅಂತ ಬರೆದ ಕರೆಗಳು

ತಿಂಗಳ ಕೊನೆ ಬಂತು ಅಂದರೆ ನಮ್ಮ ಆಫೀಸಿನಲ್ಲಿ ಕೇಳಿಬರುವುದು ಒಂದೇ ಮಾತು: "ವರದಿ ಹೋಯ್ತಾ?" ನಾನು ಕರಾವಳಿಯ ಒಂದು ಮಕ್ಕಳ ಸಹಾಯವಾಣಿ ಘಟಕದಲ್ಲಿ ಕೆಲಸ ಮಾಡುತ್ತೇನೆ. 1098ಕ್ಕೆ ನಮ್ಮ ಜಿಲ್ಲೆಯ ಕರೆ ಬಂದರೆ ಅದು ನಮಗೆ. ಮನೆಗೆ ಹೋಗುತ್ತೇವೆ, ಶಾಲೆಗೆ ಹೋಗುತ್ತೇವೆ, ಬೇಕಾದರೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತೇವೆ. ಅಷ್ಟೆಲ್ಲ ಓಡಾಟ ಕೊನೆಗೆ ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು ಆಗುತ್ತದೆ. ಆ ಸಾಲುಗಳನ್ನು ಕೂಡಿಸಿ ಮೇಲಕ್ಕೆ ಕಳಿಸುತ್ತೇವೆ. ಕಳಿಸಿದ್ದು ಆಮೇಲೆ ಏನಾಯಿತು ಅಂತ ನಾವು ಕೇಳಿದ್ದೂ ಇಲ್ಲ, ಯಾರೂ ಹೇಳಿದ್ದೂ ಇಲ್ಲ.

ಹಾಗಾಗಿ ‘ಮಕ್ಕಳ ಮೇಲಿನ ಹಿಂಸೆ: ದತ್ತಾಂಶ ವಿಶ್ಲೇಷಣೆ’ ಅಂತ ಮಂಗಳೂರಿನಲ್ಲಿ ಒಂದು ದಿನದ ತರಬೇತಿ ಇಟ್ಟಾಗ ನಮಗ್ಯಾರಿಗೂ ಅಷ್ಟೇನೂ ಉಮೇದು ಇರಲಿಲ್ಲ. ಜುಲೈ ತಿಂಗಳು. ಮಳೆ ಅಂತ ಡಿಸಿ ಶಾಲೆಗಳಿಗೆ ರಜೆ ಕೊಟ್ಟಿದ್ದರು, ನಮಗೆಲ್ಲಿಯ ರಜೆ. ಉಡುಪಿ ಕಡೆಯವರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ ಬರುವಷ್ಟರಲ್ಲಿ ಅರ್ಧ ಒದ್ದೆಯಾಗಿದ್ದರು. "ಎಂತ ಮಾರಾಯ್ತಿ, ಎಕ್ಸೆಲ್ ಕಲಿಸ್ಲಿಕ್ಕೆ ಇಷ್ಟು ದೂರ ಕರೆಸಿದ್ದಾ?" ಅಂತ ಒಬ್ಬಳು ಕೊಡೆ ಕೊಡವುತ್ತಾ ಕೇಳಿದಳು.

ಕಲಿಸಲು ಬಂದವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ಮೇಡಂ. ಅವರು ಕಂಪ್ಯೂಟರ್ ಆನ್ ಮಾಡಲೇ ಇಲ್ಲ. ಪ್ರಿಂಟ್ ಹಾಕಿಸಿದ ಹಾಳೆಗಳನ್ನು ಹಂಚಿದರು. ನಮ್ಮದೇ ಮಾದರಿಯ ಸಾಲುಗಳು, ಆದರೆ ಹೆಸರು, ಊರು, ತಾರೀಕು ಎಲ್ಲ ಬದಲಿಸಿದ್ದರು. "ಇದರಲ್ಲಿ ಹಿಂಸೆಯ ಪ್ರಕರಣ ಎಷ್ಟು? ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಎಣಿಸಿ ಹೇಳಿ" ಅಂದರು.

ಇಷ್ಟೇನಾ ಅನಿಸಿತು. ಎಣಿಸಿ ಹೇಳಿದರೆ ಒಂದು ಟೇಬಲ್‌ನವರ ಲೆಕ್ಕಕ್ಕೂ ಪಕ್ಕದ ಟೇಬಲ್‌ನವರ ಲೆಕ್ಕಕ್ಕೂ ಅರ್ಧಕ್ಕರ್ಧ ವ್ಯತ್ಯಾಸ. ಎಲ್ಲರೂ ವರ್ಷಗಟ್ಟಲೆ ಇದೇ ಕೆಲಸ ಮಾಡಿದವರು, ಕೈಯಲ್ಲಿದ್ದದ್ದು ಒಂದೇ ಹಾಳೆ.

ಒಂದು ಸಾಲು ಹೀಗಿತ್ತು. ಹುಡುಗ, 14 ವರ್ಷ, ಸಿಕ್ಕಿದ್ದು ರೈಲ್ವೆ ಸ್ಟೇಷನ್‌ನಲ್ಲಿ. ವರ್ಗ: ಆಶ್ರಯ. ಕ್ರಮ: ಬಾಲಮಂದಿರಕ್ಕೆ ದಾಖಲು. ಸ್ಥಿತಿ: ಮುಕ್ತಾಯ. ತೀರಾ ಕೊನೆಯಲ್ಲಿ, ಅಗಲ ಸಾಲದೆ ಅಕ್ಷರ ಒಂದರ ಮೇಲೊಂದು ಬಿದ್ದ ‘ಷರಾ’ ಕಾಲಂನಲ್ಲಿ, ‘ತಂದೆ ಕುಡಿದು ಬಂದು ಬೆಲ್ಟಿನಲ್ಲಿ ಹೊಡೆಯುತ್ತಾರೆಂದು ಮನೆ ಬಿಟ್ಟಿದ್ದಾನೆ.’ ವರ್ಗ ನೋಡಿ ಎಣಿಸಿದವರಿಗೆ ಇದು ಹಿಂಸೆ ಅಲ್ಲ. ಷರಾ ಓದಿದವರಿಗೆ ಹಿಂಸೆ. ಮೇಲಕ್ಕೆ ಹೋಗುವ ವರದಿಯಲ್ಲಿ ಷರಾಕ್ಕೆ ಜಾಗವೇ ಇಲ್ಲ.

ಅದರ ಕೆಳಗಿನದ್ದು ‘ಶಿಕ್ಷಣ’. ಏನಪ್ಪಾ ಅಂತ ನೋಡಿದರೆ, ಮೇಷ್ಟ್ರು ಬೆತ್ತದಲ್ಲಿ ಬಾರಿಸಿದ್ದಕ್ಕೆ ಹುಡುಗಿ ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವುದೂ ತಪ್ಪು, ಮಾನಸಿಕ ಹಿಂಸೆ ಕೊಡುವುದೂ ತಪ್ಪು. ನಮ್ಮ ಲೆಕ್ಕದಲ್ಲಿ ಮಾತ್ರ ಅದು ‘ಮರಳಿ ಶಾಲೆಗೆ ಸೇರಿಸಲಾಗಿದೆ’. ಇನ್ನೊಂದು ‘ಮಾಹಿತಿ’. ಅಕ್ಕನ ಮದುವೆ ಗೊತ್ತಾಗಿದೆ, ಅವಳಿಗೆ 18 ಆಗಿಲ್ಲ, ಏನು ಮಾಡಬೇಕು ಅಂತ ತಮ್ಮನೊಬ್ಬ ಕೇಳಿದ್ದು. ಮಾಹಿತಿ ಕೊಟ್ಟದ್ದು ನಿಜ, ಹಾಗಾಗಿ ಮಾಹಿತಿ!

ಮೇಡಂ ಹೇಳಿದ್ದು ಒಂದೇ ಮಾತು. "ನೀವು ಮಾಡಿದ್ದೆಲ್ಲ ಇದರಲ್ಲಿ ಉಂಟು. ಮಗುವಿಗೆ ಆದದ್ದು ಎಲ್ಲಿ ಉಂಟು?"

ಇದರಲ್ಲಿ ಬರೆದವರ ದೋಷ ಏನಿಲ್ಲ. ಮಕ್ಕಳ ಸಹಾಯವಾಣಿ 1996ರಲ್ಲಿ ಮುಂಬೈಯಲ್ಲಿ ಶುರುವಾದದ್ದೇ ಬೀದಿಯಲ್ಲಿರುವ ಮಕ್ಕಳಿಗೆ ತಕ್ಷಣ ನೆರವು ಸಿಗಲಿ ಅಂತ. ರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ಕೂತ ಮಗುವಿಗೆ ಮೊದಲು ಬೇಕಾದದ್ದು ಮಲಗಲು ಜಾಗ, ಹುಷಾರಿಲ್ಲದಿದ್ದರೆ ಮದ್ದು, ಮನೆ ತಪ್ಪಿದ್ದರೆ ಮನೆಯ ದಾರಿ. ಅದರಂತೆ ವರ್ಗಗಳೂ ಆಶ್ರಯ, ವೈದ್ಯಕೀಯ ನೆರವು, ಮನೆಗೆ ಸೇರಿಸಿದ್ದು ಅಂತ ಬಂದವು. ಕೆಲಸ ನಡೆಸಲು ಅವು ಬೇಕೇ ಬೇಕು. ಆದರೆ ಊರಿನಲ್ಲಿ ಯಾವ ಮಕ್ಕಳಿಗೆ, ಎಲ್ಲಿ, ಯಾರಿಂದ ಪೆಟ್ಟು ಬೀಳುತ್ತಿದೆ ಅಂತ ಅದೇ ಪಟ್ಟಿಯನ್ನು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಅದಕ್ಕೆ ಬೇರೆ ಕಾಲಂ ಬೇಕು: ಏನಾಯಿತು, ಎಲ್ಲಿ ಆಯಿತು, ಮಾಡಿದವರು ಮಗುವಿಗೆ ಏನಾಗಬೇಕು, ಯಾವಾಗ ಆಯಿತು. ಯುನಿಸೆಫ್ 2023ರಲ್ಲಿ ಮಕ್ಕಳ ಮೇಲಿನ ಹಿಂಸೆಗೆ ಒಂದು ಅಂತಾರಾಷ್ಟ್ರೀಯ ವರ್ಗೀಕರಣ ಹೊರತಂದಿದೆಯಂತೆ, ಅದನ್ನು ತೋರಿಸಿದರು. ದೈಹಿಕ, ಲೈಂಗಿಕ, ಮಾನಸಿಕ, ನಿರ್ಲಕ್ಷ್ಯ ಅಂತ ಬೇರೆ ಬೇರೆ ಇಟ್ಟಿದ್ದಾರೆ.

ಕುಂದಾಪುರ ಕಡೆಯ ಸಹೋದ್ಯೋಗಿಯೊಬ್ಬರು ಎದ್ದು ನಿಂತರು. "ಮೇಡಂ, ಆಚೆ ಕಡೆ ಮಗು ಅಳ್ತಾ ಇರ್ತದೆ. ಆಗ ಕಾಲಂ ತುಂಬಿಸ್ಲಿಕ್ಕೆ ಆಗ್ತದಾ?" ಎಲ್ಲರೂ ತಲೆಯಾಡಿಸಿದೆವು. ಹಾಳೆ ತುಂಬಬೇಕು ಅಂತ ಮಗುವನ್ನು ಪ್ರಶ್ನೆ ಕೇಳಲೇಬಾರದು ಅಂತ ಮೇಡಂ ಕೂಡ ಒಪ್ಪಿದರು. ಫೋನ್ ಇಟ್ಟ ಮೇಲೆ ಕೇಳಿಸಿಕೊಂಡದ್ದರಿಂದಲೇ ತುಂಬಿ, ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಅಂತ ಬರೆಯಿರಿ ಅಂದರು. ಖಾಲಿ ಬಿಡಬೇಡಿ, ‘ಇಲ್ಲ’ ಅಂತಲೂ ಹಾಕಬೇಡಿ. ನಾವು ಕೇಳಲಿಲ್ಲವಾ, ಮಗು ಹೇಳಲಿಲ್ಲವಾ, ನಿಜಕ್ಕೂ ಏನೂ ಆಗಿಲ್ಲವಾ, ಮೂರೂ ಬೇರೆ ಬೇರೆ ತಾನೇ? ಖಾಲಿ ಬಿಟ್ಟ ಕಾಲಂನಲ್ಲಿ ಮೂರೂ ಒಂದೇ ಆಗಿಬಿಡುತ್ತವೆ.

ಕರೆ ಬೇರೆ, ಮಗು ಬೇರೆ ಅನ್ನುವುದೂ ಬಂತು. 2023ರಿಂದ ಸಹಾಯವಾಣಿ ಸರ್ಕಾರದ ಕೈಗೆ ಬಂದು ತುರ್ತು ಸಹಾಯದ ನಂಬರ್ 112ರ ಜೊತೆ ಜೋಡಣೆಯಾಗಿದೆ. ಒಂದೇ ಮಗುವಿನ ಬಗ್ಗೆ ಪಕ್ಕದ ಮನೆಯವರು ಅಲ್ಲಿಗೆ, ಟೀಚರ್ ಇಲ್ಲಿಗೆ ಫೋನ್ ಮಾಡಿದರೆ ಎರಡು ಸಾಲು. ಇದು ನಮಗೆ ಗೊತ್ತಿದ್ದದ್ದೇ, ಆದ್ದರಿಂದ ಬೇಗ ಮುಗಿಯಿತು.

ಚಹಾ, ಗೋಳಿಬಜೆ ಆದಮೇಲೆ ಗೋಡೆಗೆ ಒಂದು ಗ್ರಾಫ್ ಅಂಟಿಸಿದರು. ಅಭ್ಯಾಸಕ್ಕೆ ಬರೆದದ್ದು. ಏಪ್ರಿಲ್, ಮೇ ಕೆಳಗೆ, ಜೂನ್‌ನಲ್ಲಿ ಸರ್ರನೆ ಮೇಲೆ. "ಶಾಲೆ ಶುರುವಾದರೆ ಹಿಂಸೆ ಜಾಸ್ತಿ ಅಂತ ಬರೆಯೋಣವಾ?" ಅಂತ ಕೇಳಿದರು. ಹಾಲ್‌ನಲ್ಲಿ ನಗು. ಬೇಸಗೆ ರಜೆಯಲ್ಲಿ ಮಗು ಹೇಳಿಕೊಳ್ಳುವುದಾದರೂ ಯಾರಲ್ಲಿ? ಶಾಲೆ ತೆರೆದ ಮೇಲೆ ಟೀಚರ್ ಕಣ್ಣಿಗೆ ಬಾಸುಂಡೆ ಬೀಳುತ್ತದೆ, ಆಮೇಲೆ ಫೋನ್ ಬರುತ್ತದೆ. ಘಟನೆ ನಡೆದ ತಿಂಗಳನ್ನು ಬೇರೆಯಾಗಿ ಬರೆದಿದ್ದರೆ ಜೂನ್‌ನ ಎಷ್ಟೋ ಕರೆಗಳು ಏಪ್ರಿಲ್‌ಗೆ, ಮೇಗೆ ವಾಪಸ್ ಹೋಗುತ್ತಿದ್ದವು.

ಮಲ್ಪೆ ಕಡೆ ಓಡಾಡುವ ಒಬ್ಬರು ಇನ್ನೊಂದು ಕಾರಣ ಹೇಳಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಸಂಪಾದನೆ ಇಲ್ಲದೆ ಮನೆಯಲ್ಲೇ ಕೂತಾಗ ಸಿಟ್ಟು ಮಕ್ಕಳ ಮೇಲೆ ಹೋಗುತ್ತದೋ ಏನೋ ಅಂತ. ಇರಬಹುದು. ಆದರೆ ತೋರಿಸುವುದು ಹೇಗೆ? ತಂದೆಯ ಕೆಲಸ ನಮ್ಮ ಹಾಳೆಯಲ್ಲಿಲ್ಲ. ಇದ್ದರೂ ನಾಲ್ಕಾರು ಕರೆ ಇಟ್ಟುಕೊಂಡು ಹಾಗೆಲ್ಲ ಬರೆದರೆ ಬೋಟಿಗೆ ಹೋಗುವವರ ಮನೆಗಳಿಗೆಲ್ಲ ಮಸಿ ಬಳಿದ ಹಾಗೆ. ಚರ್ಚೆ ಜೋರಾಯಿತು. ಕಡೆಗೆ ‘ನೋಡಬೇಕಾದದ್ದು’ ಅಂತ ಬೋರ್ಡಿನ ಒಂದು ಮೂಲೆಯಲ್ಲಿ ಬರೆದು ಬಿಟ್ಟರು. ಅದು ಸರಿ ಅಂತ ನನಗೂ ಕಂಡಿತು.

ಆಮೇಲೆ ಎರಡು ಜಿಲ್ಲೆಯವರ ಕಾಲೆಳೆದಾಟ. ದಕ್ಷಿಣ ಕನ್ನಡದವರು ನಮಗೇ ಕರೆ ಜಾಸ್ತಿ ಅಂದರು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಜನಸಂಖ್ಯೆ ಸುಮಾರು 21 ಲಕ್ಷ, ಉಡುಪಿಯದ್ದು ಸುಮಾರು 12 ಲಕ್ಷ. ಲಕ್ಷಕ್ಕೆ ಇಷ್ಟು ಅಂತ ಭಾಗಿಸಿದ ಮೇಲೆ ಮಾತಾಡಿ ಅಂತ ಮೇಡಂ ಇಬ್ಬರನ್ನೂ ಕೂರಿಸಿದರು. ತಾಲೂಕಿಗೂ ಅದೇ ಲೆಕ್ಕ. ಘಟ್ಟದ ಬುಡದ ಕಡೆಯಿಂದ ಕರೆ ಬರುವುದೇ ಅಪರೂಪ. ಅಲ್ಲಿ ಮಕ್ಕಳೆಲ್ಲ ಸುಖವಾಗಿದ್ದಾರೆ ಅಂತ ಕೋಣೆಯಲ್ಲಿ ಒಬ್ಬರೂ ನಂಬಲಿಲ್ಲ. ನೆಟ್‌ವರ್ಕ್ ಇಲ್ಲ, ನಾವು ಹೋದದ್ದೂ ಕಡಿಮೆ.

ನನಗೆ ಎಲ್ಲಕ್ಕಿಂತ ಕಸಿವಿಸಿ ಆದದ್ದು ಹುಡುಗರ ವಿಚಾರದಲ್ಲಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತ್ತು. 13 ರಾಜ್ಯಗಳು, 12 ಸಾವಿರಕ್ಕೂ ಮಿಕ್ಕಿ ಮಕ್ಕಳು. ಲೈಂಗಿಕ ದೌರ್ಜನ್ಯ ಆಗಿದೆ ಎಂದವರು ಶೇ 53. ಅವರಲ್ಲಿ ಹುಡುಗರೇ ಅರ್ಧಕ್ಕಿಂತ ಚೂರು ಹೆಚ್ಚು, ಶೇ 52.94. ನಮ್ಮ ಹಾಳೆಯ ಆ ಕಾಲಂನಲ್ಲಿ ಹುಡುಗರು ಕಾಣುವುದೇ ಇಲ್ಲ. ಹುಡುಗರು ಹೇಳುವುದಿಲ್ಲ, ಸರಿ. ಮನೆ ಬಿಟ್ಟು ಬಂದ ಹುಡುಗನ ಹತ್ತಿರ ‘ಯಾರಾದರೂ ಹೊಡೆದರಾ’ ಅಂತ ಕೇಳುತ್ತೇವೆ, ಮುಂದಿನದ್ದಕ್ಕೆ ನಮ್ಮ ಬಾಯೇ ಬರುವುದಿಲ್ಲ. ಮೊದಲು ನೋಡಿದ ಆ ರೈಲ್ವೆ ಸ್ಟೇಷನ್ ಸಾಲಿನ ಬಗ್ಗೆ ಆಗ ಯಾರೋ ಮೆಲ್ಲ ಕೇಳಿದರು, "ಅವನಿಗೆ ಬೆಲ್ಟ್ ಪೆಟ್ಟು ಮಾತ್ರ ಅಂತ ಹೇಗೆ ಗೊತ್ತು?"

ಕೊನೆಗೆ ಗುಟ್ಟು ಕಾಯುವ ವಿಷಯ. ಹೆಸರು ತೆಗೆದರೆ ಸಾಕು ಅಂತ ತುಂಬಾ ಜನರ ಲೆಕ್ಕ. ನಮ್ಮೂರಿನಲ್ಲಿ ಸಾಕಾಗುತ್ತದಾ? ‘ಇಂಥ ಗ್ರಾಮ, 9ನೇ ಕ್ಲಾಸ್, ಒಂದು ಪ್ರಕರಣ’ ಅಂತ ಚಾರ್ಟ್ ಹಾಕಿದರೆ ಸಂಜೆಯೊಳಗೆ ಯಾವ ಮನೆ ಅಂತ ಅಂಗಡಿ ಕಟ್ಟೆಯಲ್ಲಿ ಗೊತ್ತಾಗುತ್ತದೆ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮಗುವಿನ ಗುರುತು ಬಯಲಾಗುವ ಯಾವುದನ್ನೂ ಹೊರಗೆ ಬಿಡಬಾರದು ಅನ್ನುತ್ತದೆ. ಸಂಖ್ಯೆ ಸಣ್ಣದಿದ್ದರೆ ಗ್ರಾಮ ಬಿಟ್ಟು ತಾಲೂಕು ಹಾಕಿ, ತಿಂಗಳು ಬಿಟ್ಟು ವರ್ಷ ಹಾಕಿ. ಎರಡಿದ್ದದ್ದು ನಾಲ್ಕಾದರೆ ‘ಶೇ 100 ಏರಿಕೆ’ ಅಂತ ಬೊಬ್ಬೆ ಹೊಡೆಯಬೇಡಿ ಅಂತಲೂ ಹೇಳಿದರು.

ಅದಾಗಿ ಸ್ವಲ್ಪ ದಿನದಲ್ಲೇ ಒಂದು ಪರಿಶೀಲನಾ ಸಭೆಯಲ್ಲಿ ಮೇಲಿನವರು ಕೇಳಿದರು, "ಈ ತಾಲೂಕಿನಲ್ಲಿ ಯಾಕ್ರೀ ಇಷ್ಟು ಕೇಸು?" ಮೊದಲಾದರೆ ಎಲ್ಲರೂ ತಲೆ ತಗ್ಗಿಸುತ್ತಿದ್ದೆವು. ನಾನು ಹೇಳಿದೆ, "ಸರ್, ಆ ತಿಂಗಳು ಅಲ್ಲಿಯ ಹೈಸ್ಕೂಲುಗಳಿಗೆ ನಾವು ಹೋಗಿದ್ದೆವು. ಮಕ್ಕಳಿಗೆ ನಂಬರ್ ಗೊತ್ತಾಯಿತು. ಚಿಂತೆ ಮಾಡಬೇಕಾದ್ದು ಸೊನ್ನೆ ಇರುವ ಕಡೆಯದ್ದು." ಅವರು ಒಂದು ನಿಮಿಷ ಹಾಳೆ ನೋಡಿ, ಸೊನ್ನೆ ಇರುವ ಪಂಚಾಯಿತಿಗಳ ಪಟ್ಟಿ ಕೊಡಿ, ಮಕ್ಕಳ ಗ್ರಾಮಸಭೆ ಅಲ್ಲಿಂದ ಶುರು ಮಾಡೋಣ ಅಂದರು.

ಮೇಲಿನಿಂದ ಬಂದ ನಮೂನೆ ಇನ್ನೂ ಹಳೆಯದೇ. ನಮ್ಮ ಪ್ರತಿಯಲ್ಲಿ ಮಾತ್ರ ನಾಲ್ಕು ಕಾಲಂ ಸೇರಿಸಿಕೊಂಡಿದ್ದೇವೆ. ತುಂಬುವವರು ಯಾರು ಅಂತ ದಿನಾ ಸಣ್ಣ ಜಗಳ. ನಿನ್ನೆಯದ್ದು, ಮಗುವನ್ನು ಇಡೀ ರಾತ್ರಿ ಮನೆಯ ಹೊರಗೆ ಮಳೆಯಲ್ಲಿ ನಿಲ್ಲಿಸಿದ್ದು ದೈಹಿಕವಾ ಮಾನಸಿಕವಾ ಅಂತ. ಎರಡರಲ್ಲೂ ಹಾಕು ಅಂದೆ. ಹಾಗಾದರೆ ಒಟ್ಟು ಲೆಕ್ಕ ತಾಳೆ ಆಗುವುದಿಲ್ಲವಲ್ಲ ಅಕ್ಕ ಅಂತ ಜೊತೆಗೆ ಕೆಲಸ ಮಾಡುವ ಹುಡುಗಿಯ ವಾದ. ಇನ್ನೂ ತೀರ್ಮಾನ ಆಗಿಲ್ಲ, ಮೇಡಂಗೆ ಫೋನ್ ಮಾಡಬೇಕು.