ಕಾರ್ನ್‌ವಾಲ್‌ಗೆ ಹೋಗುವುದಾದರೆ ಮೇ 8ಕ್ಕೆ ಹೋಗಿ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ಗೆ ಹೆಚ್ಚಿನವರು ಆಗಸ್ಟ್‌ನಲ್ಲಿ, ಬೀಚ್‌ಗೆಂದು ಹೋಗುತ್ತಾರೆ. ಆಗ ಜನವೂ ಜಾಸ್ತಿ, ರೂಮಿನ ಬಾಡಿಗೆಯೂ ಜಾಸ್ತಿ. ನಾವು ಮೇ ತಿಂಗಳಲ್ಲಿ ಹೋದೆವು, ಹೆಲ್‌ಸ್ಟನ್ ಊರಿನ ಫ್ಲೋರಾ ಡೇ ಎಂಬ ಕುಣಿತದ ಹಬ್ಬ ನೋಡಲೆಂದೇ.

ಲಂಡನ್ನಿನ ಪ್ಯಾಡಿಂಗ್ಟನ್‌ ನಿಲ್ದಾಣದಿಂದ ಕಾರ್ನ್‌ವಾಲ್‌ನ ಪೆನ್ಜಾನ್ಸ್‌ಗೆ ರೈಲಿನಲ್ಲಿ ಐದು ಗಂಟೆಗೂ ಹೆಚ್ಚು ಬೇಕು. ಹೆಲ್‌ಸ್ಟನ್‌ಗೆ ರೈಲಿಲ್ಲ, ಬಸ್ಸೇ ಗತಿ. ಹಬ್ಬ ಮೇ 8ಕ್ಕೆ. ಆ ದಿನ ಭಾನುವಾರ ಅಥವಾ ಸೋಮವಾರ ಬಿದ್ದರೆ ಹಿಂದಿನ ಶನಿವಾರವೇ ಮಾಡಿಬಿಡುತ್ತಾರೆ. ಟಿಕೆಟ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಿ.

ಬೆಳಗ್ಗೆ 7ಕ್ಕೇ ಮೊದಲ ಕುಣಿತ. ಮೊದಲು ದೊಡ್ಡ ಡೋಲಿನ ಸದ್ದು ಎದೆಗೆ ಬಡಿಯಿತು, ಆಮೇಲೆ ಬ್ಯಾಂಡು ಕಾಣಿಸಿತು. ಹಿಂದೆ ಜೋಡಿ ಜೋಡಿಯಾಗಿ ಊರಿನವರು. ಕುಣಿಯುತ್ತಲೇ ಒಂದು ಮನೆಯ ಮುಂಬಾಗಿಲಿನಿಂದ ಒಳಹೊಕ್ಕು ಹಿತ್ತಿಲಿನಿಂದ ಹೊರಬಂದರು! ಚಳಿಗಾಲವನ್ನು ಓಡಿಸಿ ಮನೆಗೆ ಒಳ್ಳೆಯದನ್ನು ತರುವ ನಂಬಿಕೆ ಅದು. ನಮ್ಮ ಕಡೆ ತೇರು ಮನೆ ಮುಂದೆ ಬಂದಾಗ ಆಗುವ ಸಡಗರ ಇದೆಯಲ್ಲ, ಅಂಥದ್ದೇ. ಆಮೇಲೆ ಬಿಳಿ ಬಟ್ಟೆ ತೊಟ್ಟ ನೂರಾರು ಮಕ್ಕಳು ಬಂದರು. ಒಬ್ಬ ಪುಟ್ಟಿಯ ಹೂವಿನ ದಂಡೆ ಕಣ್ಣ ಮೇಲೆ ಜಾರಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಹೆಜ್ಜೆ ತಪ್ಪದೆ ಕುಣಿದಳು. ಮಧ್ಯಾಹ್ನದ ಕುಣಿತವೇ ಮುಖ್ಯ ಅಂತಾರೆ, ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಮಕ್ಕಳದು.

ಕಾರ್ನ್‌ವಾಲ್‌ನದೇ ಇನ್ನೊಂದು ಊರು ಸೇಂಟ್ ಐವ್ಸ್‌ಗೆ ಅರ್ಧ ದಿನ ಸಾಕು. ಟೇಟ್ ಗ್ಯಾಲರಿಗಿಂತ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರ ಮನೆ, ತೋಟವೇ ನನಗೆ ಇಷ್ಟವಾಯಿತು. 1949ರಿಂದ 1975ರಲ್ಲಿ ತೀರಿಕೊಳ್ಳುವವರೆಗೂ ಅವರು ಕೆಲಸ ಮಾಡಿದ ಜಾಗ ಅದು.

ಪೋರ್ತ್‌ಕರ್ನೋದ ಮಿನಾಕ್ ಥಿಯೇಟರ್‌ಗೆ ಮಾತ್ರ ಒಂದು ಸಂಜೆ ಎತ್ತಿಡಿ. ಕಡಲಿಗೆ ಇಳಿಯುವ ಬಂಡೆಯಲ್ಲೇ ಕಡೆದ ರಂಗಮಂದಿರ. 1932ರಲ್ಲಿ ಮೊದಲ ನಾಟಕ, ಷೇಕ್ಸ್‌ಪಿಯರನ ಟೆಂಪೆಸ್ಟ್. ರೊವೀನಾ ಕೇಡ್ ಎಂಬ ಹೆಂಗಸು ಕೆಳಗಿನ ಬೀಚಿನಿಂದ ಮರಳು ಹೊತ್ತು ತಂದು, ವರ್ಷಗಟ್ಟಲೆ ದುಡಿದು ಇದನ್ನು ಕಟ್ಟಿದರು. ಸೀಟುಗಳ ಕಾಂಕ್ರೀಟಿನ ಮೇಲೆ ಹಳೆಯ ಸ್ಕ್ರೂಡ್ರೈವರ್‌ನಲ್ಲಿ ಕೆತ್ತಿದ ನಾಟಕಗಳ ಹೆಸರುಗಳಿವೆ. ನಾನು ಆ ಅಕ್ಷರಗಳನ್ನು ಬೆರಳಲ್ಲಿ ಸವರಿ ನೋಡಿದೆ.

ಟಿಕೆಟ್ ಮೊದಲೇ ಕಾಯ್ದಿರಿಸಿ. ಸುಮ್ನೆ ಹೋದರೆ ಸಿಗುವುದು ಕಷ್ಟ. ಮಳೆ ಬಂದರೂ ನಾಟಕ ನಡೆಯುತ್ತದೆ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಕಾಣಲ್ಲ, ರೇನ್‌ಕೋಟ್ ಬೇಕು. ಕೂರಲು ಒಂದು ದಿಂಬು, ದಪ್ಪ ಸ್ವೆಟರ್ ಇರಲಿ. ನಾಟಕ ಮುಗಿದಾಗ ನಮಗೆ ಬಸ್ ಸಿಗಲಿಲ್ಲ. ವಾಪಸ್ ಬರಲು ಟ್ಯಾಕ್ಸಿಗೆ ಬೆಳಗ್ಗೆಯೇ ಹೇಳಿಡಿ.