ಮಗುವಿನ ಬಾಯಿ ನೋಡಿದವರು

ಮಗಳು ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಏಪ್ರಿಲ್ ತಿಂಗಳು. ಬೆಳಿಗ್ಗೆ ಹತ್ತಕ್ಕೇ ಅಂಗಳದ ಕಲ್ಲು ಕಾಲು ಸುಡುತ್ತಿತ್ತು. ಅಂಥ ಸೆಕೆಯಲ್ಲೂ ಬಾಣಂತಿ ಕೋಣೆಯ ಕಿಟಕಿ ಮುಚ್ಚಿದ್ದೆ. ಮಗಳ ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ. ಕುಡಿಯಲು ದಿನಕ್ಕೆ ಮೂರು ಲೋಟ ಬಿಸಿನೀರು, ಅಷ್ಟೇ. ನಮ್ಮವ್ವ ನನಗೆ ಹಾಗೇ ಮಾಡಿದ್ದಳು.

ಸಿಸೇರಿಯನ್ ಆಗಿತ್ತು. ಹೆಣ್ಣು ಮಗು. ಹುಟ್ಟಿದಾಗ 2 ಕಿಲೋ 900 ಗ್ರಾಂ. ಒಂಬತ್ತನೇ ದಿನ ತೂಕ ಹಾಕಿದರೆ 2 ಕಿಲೋ 550 ಗ್ರಾಂ. ಮೊದಲ ದಿನಗಳಲ್ಲಿ ಮಕ್ಕಳು ಸ್ವಲ್ಪ ಇಳಿಯುವುದು ಸಹಜವಂತೆ. ಆದರೆ ನೂರಕ್ಕೆ ಹತ್ತು ಪಾಲು ದಾಟಬಾರದು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು ಎಂದರು ಡಾಕ್ಟರು. ನಮ್ಮ ಮಗು ಆ ಗಡಿ ದಾಟಿತ್ತು. ಬೇರೇನೂ ಕಾಯಿಲೆ ಇಲ್ಲವೆಂದು ನೋಡಿ, ಸದ್ಯಕ್ಕೆ ಪುಡಿಹಾಲು ಬರೆದುಕೊಟ್ಟರು. ಹೊರಡುವಾಗ ಒಂದು ಫೋನ್ ನಂಬರೂ ಕೊಟ್ಟರು. "ಇವರು ಹಾಲೂಡಿಸೋದಕ್ಕೆ ಸಹಾಯ ಮಾಡ್ತಾರೆ. ಇವತ್ತೇ ಕರೆಸಿಕೊಳ್ಳಿ" ಎಂದರು. ಲ್ಯಾಕ್ಟೇಶನ್ ಕೌನ್ಸೆಲರ್ ಎಂಬ ಮಾತು ನಾನು ಕೇಳಿದ್ದು ಅವತ್ತೇ ಮೊದಲು.

ನನಗೆ ಒಳಗೊಳಗೇ ಬೇಸರವಾಯಿತು. ಎರಡು ಮಕ್ಕಳನ್ನು ಹೆತ್ತವಳು ನಾನು. ಎದೆಹಾಲು ಕುಡಿಸುವುದನ್ನು ಹೇಳಿಕೊಡೋಕೆ ಹೊರಗಿನವರು ಬರಬೇಕಾ?

ಆ ಒಂಬತ್ತು ದಿನ ನಾನು ಸುಮ್ಮನೆ ಕೂತಿರಲಿಲ್ಲ. ಸಬ್ಬಸಿಗೆ ಸೊಪ್ಪಿನ ಪಲ್ಯ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು, ಅಳವಿ ಪಾಯಸ, ಅಂಟಿನುಂಡೆ. ಹಾಲು ಹೆಚ್ಚಲಿ ಎಂದು ಯಾರು ಏನು ಹೇಳಿದರೂ ಮಾಡಿದೆ. ಆದರೂ ಮಗು ಒಂದೊಂದು ಗಂಟೆ ಎದೆಯಲ್ಲೇ ಇರುತ್ತಿತ್ತು. ಬಿಡಿಸಿ ಮಲಗಿಸಿದರೆ ಹತ್ತು ನಿಮಿಷಕ್ಕೆ ಅಳು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ಹಾಲು ಸಾಲ್ತಿಲ್ಲ ಕಣವ್ವ." ಪಕ್ಕದ ಮನೆ ಅಜ್ಜಿ, "ಈ ಬಿಸಿಲಿಗೆ ಮಗೀಗೆ ಎರಡು ಚಮಚ ನೀರಾದ್ರೂ ಹಾಕು" ಎಂದರು. ಮಗಳ ಮೊಲೆತೊಟ್ಟು ಬಿರಿದು ರಕ್ತ ಬರುತ್ತಿತ್ತು. ಮಗು ಬಾಯಿ ಹಾಕಿದಾಗಲೆಲ್ಲ ಅವಳು ದುಪಟ್ಟಾ ತುದಿ ಕಚ್ಚಿಕೊಳ್ಳುತ್ತಿದ್ದಳು. "ಮೊದಲನೇದಕ್ಕೆ ಎಲ್ಲರಿಗೂ ಹಾಗೇ ಪುಟ್ಟಿ, ತಡ್ಕೋ" ಎಂದೆ. ಆ ಮಾತು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಧ್ಯಾಹ್ನ ಮೂರಕ್ಕೆ ಅವರು ಸ್ಕೂಟಿಯಲ್ಲಿ ಬಂದರು. ಮೂವತ್ತೈದರ ಆಸುಪಾಸು. ಮೊದಲು ನರ್ಸ್ ಆಗಿದ್ದವರಂತೆ. ಕೈ ತೊಳೆದು ಬಂದವರು ಉಪದೇಶ ಶುರು ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಇಷ್ಟೇ: "ದಿನಾ ಹೇಗೆ ಕುಡಿಸ್ತೀರೋ ಹಾಗೇ ಕುಡಿಸಿ. ನಾನು ಕೂತು ನೋಡ್ತೀನಿ."

ಕುರ್ಚಿ ಕೊಟ್ಟರೂ ಬೇಡವೆಂದು ನೆಲದ ಮೇಲೆ ಕೂತರು. ಮಗುವಿನ ಮುಖದ ಮಟ್ಟಕ್ಕೆ ಅವರ ಕಣ್ಣು ಬರುವ ಹಾಗೆ. ಇಪ್ಪತ್ತು ನಿಮಿಷ ಒಂದು ಮಾತೂ ಇಲ್ಲ. ಆಮೇಲೆ ನನ್ನನ್ನು ಕರೆದರು. "ಅಮ್ಮಾ, ಬನ್ನಿ ಇಲ್ಲಿ. ಈ ಕೆನ್ನೆ ನೋಡಿ." ಮಗು ಚೀಪಿದಾಗಲೆಲ್ಲ ಕೆನ್ನೆ ಗುಳಿ ಬೀಳುತ್ತಿತ್ತು. "ಚಪ್ ಚಪ್ ಅಂತ ಸದ್ದು ಬರ್ತಿದೆ ಅಲ್ವಾ? ನುಂಗೋ ಸದ್ದು ಕೇಳಿಸ್ತಿದೆಯಾ?"

ಇಲ್ಲ. ಕಿವಿಗೊಟ್ಟು ಕೇಳಿದೆ. ನುಂಗುವ ಸದ್ದೇ ಇರಲಿಲ್ಲ.

ಮಗು ತೊಟ್ಟಿನ ತುದಿಯನ್ನಷ್ಟೇ ಹಿಡಿದಿತ್ತು. ಬಾಯಿಂದ ಬಿಡಿಸಿದಾಗ ತೊಟ್ಟು ಓರೆಯಾಗಿ ಚಪ್ಪಟೆಯಾಗಿತ್ತು. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಆಗಲೇ ಹಾಲು ಸರಿಯಾಗಿ ಇಳಿಯುತ್ತದೆ, ಬರೀ ತುದಿ ಚೀಪಿದರೆ ತಾಯಿಗೆ ಗಾಯ, ಮಗುವಿಗೆ ಸುಸ್ತು ಎಂದರು. "ಹಾಲಿದೆ ಅಮ್ಮಾ. ಎದೆ ಎಷ್ಟು ಗಟ್ಟಿಯಾಗಿ ಕಟ್ಟಿಕೊಂಡಿದೆ ನೋಡಿ. ಮಗುವಿಗೆ ತಲುಪ್ತಿಲ್ಲ ಅಷ್ಟೇ. ಹಾಲು ಖಾಲಿಯಾಗದೆ ಹಾಗೇ ನಿಂತರೆ, ಮೈ ಹಾಲು ಮಾಡೋದನ್ನೇ ಕಡಿಮೆ ಮಾಡುತ್ತೆ."

ಒಂಬತ್ತು ದಿನ ನಾವೆಲ್ಲ ಹಾಲಿನ ಮಾತೇ ಆಡಿದ್ದೆವು. ಮಗುವಿನ ಬಾಯಿಯನ್ನು ಯಾರೂ ನೋಡಿರಲಿಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲೂ ಐದು ದಿನ ರೌಂಡ್ಸ್‌ಗೆ ಬಂದವರು ಬಾಗಿಲಲ್ಲೇ "ಹಾಲು ಬರ್ತಿದೆಯಾ?" ಎಂದು ಕೇಳಿ ಮುಂದಿನ ಬೆಡ್ಡಿಗೆ ಹೋಗಿದ್ದರು. 2016ರಲ್ಲೇ ಕೇಂದ್ರ ಸರ್ಕಾರ ಸ್ತನ್ಯಪಾನಕ್ಕೆಂದು 'ಮಾ' ಎಂಬ ಕಾರ್ಯಕ್ರಮ ಶುರು ಮಾಡಿದೆ. ಹೆರಿಗೆ ಮಾಡಿಸುವ ಜಾಗದಲ್ಲಿ ತಾಯಂದಿರಿಗೆ ಇದನ್ನು ಹೇಳಿಕೊಡಲು ನರ್ಸ್‌ಗಳಿಗೆ ತರಬೇತಿ ಕೊಡುವುದೂ ಅದರಲ್ಲಿದೆ. ನನ್ನ ಮಗಳ ಪಕ್ಕ ಮಾತ್ರ ಯಾರೂ ಕೂತಿರಲಿಲ್ಲ. ಮನೆಗೆ ಕಳಿಸುವ ಮುಂಚೆ ಒಂದೇ ಒಂದು ಸಲ, ಮಗು ಕುಡಿದು ಮುಗಿಸುವ ತನಕ ಕೂತು ನೋಡಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಅವರು ಕಿಟಕಿ ತೆಗೆಸಿದರು. ಸ್ಕಾರ್ಫ್ ಬಿಚ್ಚಿಸಿದರು. "ಬಾಯಾರಿದಾಗಲೆಲ್ಲ ನೀರು ಕುಡೀರಿ. ಮಗುವಿಗೆ ಮಾತ್ರ ಆರು ತಿಂಗಳು ತುಂಬೋ ತನಕ ಬೇರೆ ನೀರು ಬೇಡ, ಎಂಥ ಬಿಸಿಲಿದ್ದರೂ ಬೇಡ. ಎದೆಹಾಲಲ್ಲಿ ಹೆಚ್ಚಿನ ಪಾಲು ನೀರೇ." ಮಗಳು ಎರಡು ಲೋಟ ನೀರನ್ನು ಒಂದೇ ಉಸಿರಿಗೆ ಕುಡಿದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಹೊಲಿಗೆಗೆ ಭಾರ ಬೀಳದ ಹಾಗೆ ಮಗುವನ್ನು ಕಂಕುಳ ಕೆಳಗೆ, ಪಕ್ಕಕ್ಕೆ ಹಿಡಿಸಿದರು. ಸೊಂಟಕ್ಕೆ ಬಿಂದಿಗೆ ಇಟ್ಟುಕೊಂಡ ಹಾಗೆ. ಕೆಳಗೆ ದಿಂಬು. ಕಟ್ಟಿದ ಎದೆಯನ್ನು ಬೆರಳಲ್ಲಿ ಒತ್ತಿ, ಸ್ವಲ್ಪ ಹಾಲು ಹಿಂಡಿ ಮೆತ್ತಗೆ ಮಾಡಿದರು. ಮಗುವಿನ ಮೂಗಿಗೆ ತೊಟ್ಟು ತಾಗಿಸಿ ಕಾಯಿರಿ ಎಂದರು. ದೊಡ್ಡ ತುತ್ತಿಗೆ ತೆರೆದ ಹಾಗೆ ಬಾಯಿ ತೆರೆಯಬೇಕು. ಆಗ ಥಟ್ಟನೆ ಮಗುವನ್ನು ಎದೆಗೆ ತರಬೇಕು, ಮೊದಲು ಗದ್ದ ತಾಗಬೇಕು. ತಾಯಿ ಬಗ್ಗಬಾರದು.

ಎರಡು ಸಲ ಆಗಲಿಲ್ಲ. ಮಗು ಕಿರುಚಿ ಅತ್ತಿತು, ಮಗಳೂ ಅತ್ತಳು. ಅವರಿಗೆ ಯಾವ ಅವಸರವೂ ಇರಲಿಲ್ಲ. ಮಗುವಿನ ಬಟ್ಟೆ ಬಿಚ್ಚಿ ತಾಯಿಯ ಬರಿಯೆದೆಯ ಮೇಲೆ ಮಲಗಿಸಿ, ಮೇಲೊಂದು ತೆಳು ಬಟ್ಟೆ ಹೊದಿಸಿ ಬೆನ್ನು ಸವರುತ್ತಾ ಕೂತರು. ಇಬ್ಬರ ಅಳುವೂ ನಿಂತಿತು. ಮೂರನೇ ಸಲ ಮಗು ಬಾಯಿ ತುಂಬ ಹಿಡಿಯಿತು. ಕೆಳತುಟಿ ಹೊರಗೆ ಮಡಚಿತ್ತು. ಕಿವಿಯ ಹತ್ತಿರದ ತನಕ ದವಡೆ ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಕೇಳಿಸಿತು. ಕ್... ಕ್...

"ಅಮ್ಮ, ನೋಯ್ತಿಲ್ಲ" ಎಂದಳು ಮಗಳು.

ಆಮೇಲೆ ಉಳಿದ ಹಾಲನ್ನು ಕೈಯಲ್ಲಿ ಹಿಂಡುವುದನ್ನು ಕಲಿಸಿದರು. "ಮನೇಲಿ ಒಳಲೆ ಇದೆಯಾ ಅಮ್ಮಾ?" ಎಂದು ಕೇಳಿದರು. ನಮ್ಮವ್ವನ ಬೆಳ್ಳಿ ಒಳಲೆ ಬೀರುವಿನಲ್ಲೇ ಇತ್ತು. ನಾನು ಅದನ್ನು ಮರೆತು ಬೆಳಿಗ್ಗೆ ಬಾಟಲಿ ತಂದಿದ್ದೆ. ತೊಳೆದು ಕುದಿಸಿ ತಂದೆ. ಹಿಂಡಿದ ಹಾಲು ಮೊದಲು, ಅದು ಸಾಲದಿದ್ದರೆ ಮಾತ್ರ ಡಾಕ್ಟರ್ ಹೇಳಿದಷ್ಟು ಪುಡಿಹಾಲು, ಎರಡೂ ಒಳಲೆಯಲ್ಲೇ ಎಂದರು. ಹಾಲಿನ ಡಬ್ಬ ಕೈಗೆ ಕೊಟ್ಟು ನನ್ನಿಂದಲೇ ಓದಿಸಿದರು. ಮಗುವಿಗೆ ತಾಯಿಯ ಹಾಲೇ ಉತ್ತಮ ಎಂದು ಅದರ ಮೇಲೇ ದಪ್ಪ ಅಕ್ಷರದಲ್ಲಿತ್ತು. ಮಗುವಿನ ಚಿತ್ರ ಎಲ್ಲೂ ಇರಲಿಲ್ಲ. 1992ರ ಕಾನೂನು ಹಾಗೆ ಹೇಳುತ್ತದಂತೆ.

ನನ್ನ ಈ ಮಗಳು ಹುಟ್ಟಿದ್ದು 1994ರಲ್ಲಿ. ಆಗ ನನಗೂ ಇದೇ ನೋವಿತ್ತು, ಇವಳದೂ ಇದೇ ಅಳು. ಇಪ್ಪತ್ತನೇ ದಿನಕ್ಕೆ ಹಾಲು ಬತ್ತಿತು ಎಂದರು ಹಿರಿಯರು. ಹಸುವಿನ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕೊಟ್ಟೆವು. ಅಂದಿನಿಂದ "ನನಗೆ ಹಾಲಿರಲಿಲ್ಲ" ಎಂದೇ ಹೇಳಿಕೊಂಡು ಬಂದಿದ್ದೆ. ಗೇಟಿನ ಹತ್ತಿರ ಅವರನ್ನು ಕೇಳಿಯೇಬಿಟ್ಟೆ, "ನನಗೂ ಹಾಲಿತ್ತೇನೋ, ಅಲ್ವಾ?"

ಹಾಕಿಕೊಳ್ಳುತ್ತಿದ್ದ ಹೆಲ್ಮೆಟ್ ತೆಗೆದು ನನ್ನ ಕೈ ಹಿಡಿದುಕೊಂಡರು. "ಈಗ ಹೇಳೋಕೆ ಆಗಲ್ಲ ಅಮ್ಮಾ. ಆದರೆ ಆವತ್ತು ನಿಮ್ಮ ಪಕ್ಕ ಕೂತು ನೋಡೋರು ಯಾರೂ ಇರಲಿಲ್ಲ."

ಅವರು ಹೇಳಿದ ಹಾಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಿದೆವು, ರಾತ್ರಿಯೂ. ಒದ್ದೆ ಬಟ್ಟೆ ಎಣಿಸಿದೆವು. ಆರಕ್ಕೆ ಕಡಿಮೆಯಾಗಲಿಲ್ಲ. ನಾಲ್ಕು ದಿನಕ್ಕೆ ತೂಕ 2 ಕಿಲೋ 690. ಡಾಕ್ಟರನ್ನು ಕೇಳಿಕೊಂಡೇ ಪುಡಿಹಾಲನ್ನು ನಿಧಾನಕ್ಕೆ ನಿಲ್ಲಿಸಿದೆವು.

ಅವರು ಬಂದುಹೋದ ರಾತ್ರಿ ಎರಡಕ್ಕೆ ಮಗು ಎದ್ದಿತು. ನಾನು ಅಂಟಿನುಂಡೆ ತರಲು ಅಡುಗೆಮನೆಗೆ ಹೊರಟೆ. ಗೇಟಿನ ಹತ್ತಿರ ನಾವು ಆಡಿದ ಮಾತು ತೆರೆದ ಕಿಟಕಿಯಿಂದ ಮಗಳಿಗೆ ಕೇಳಿಸಿತ್ತು ಅಂತ ಕಾಣುತ್ತೆ. "ಅಮ್ಮ, ಏನೂ ಬೇಡ. ಇಲ್ಲೇ ಕೂತ್ಕೋ" ಎಂದಳು. ಅವರು ಕೂತಿದ್ದ ಜಾಗದಲ್ಲೇ, ನೆಲದ ಮೇಲೆ ಕೂತೆ. ಮಗು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದೆ.