ಮೇಳದ ಪಟ್ಟಿ ಆ್ಯಪ್: ಕೋಡ್ ಬೇಗ ಬಂತು, ‘ಇಂದು’ ಯಾವಾಗ ಮುಗಿಯುತ್ತದೆ?

ಮಂಗಳೂರು, ಉಡುಪಿ ಸುತ್ತಮುತ್ತ ಈ ರಾತ್ರಿ ಯಾವ ಯಕ್ಷಗಾನ ಮೇಳದ ಆಟ (ಪ್ರದರ್ಶನ) ಎಲ್ಲಿದೆ ಎಂದು ತೋರಿಸುವ ಆ್ಯಪ್ ಇದು. ಬಿಡುವಿನಲ್ಲಿ ನಾವು ನಾಲ್ವರು ಸೇರಿ ಕಟ್ಟುತ್ತಿರುವುದು. ಪಟ್ಟಿ ತುಂಬುವ ಪುಟ, ಹುಡುಕಾಟ, ನಕಾಶೆ ಮುಗಿದಿವೆ. ಕೋಡ್ ಬಹುಪಾಲು ಎಐ ಬರೆದದ್ದು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಕೆಲಸ ಸಿಕ್ಕಿಬಿದ್ದದ್ದು ದಿನಾಂಕದಲ್ಲಿ.

ಇಡೀ ರಾತ್ರಿಯ ಆಟ ಮುಗಿಯುವಾಗ ಬೆಳಗಾಗಿರುತ್ತದೆ. ಎಐ ಕೋಡ್ ಮಾತ್ರ ಇಂದಿನ ದಿನಾಂಕ ಇರುವುದನ್ನಷ್ಟೇ ಸೋಸಿ ತೋರಿಸುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ರಾತ್ರಿ 12 ದಾಟಿದೊಡನೆ ಆಟ ಮಾಯ. ಸರ್ವರ್‌ನಲ್ಲಿ ಅದೇ ಕೋಡ್ ಬೆಳಿಗ್ಗೆ 5.30ರವರೆಗೆ ಸರಿ. ಸರ್ವರ್ ಗಡಿಯಾರ ಯುಟಿಸಿಯಲ್ಲಿದೆ (ಜಾಗತಿಕ ಪ್ರಮಾಣ ಸಮಯ), ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ತಪ್ಪು ಕೋಡ್ ಅಲ್ಲಿ ಸರಿಯಾದ ಉತ್ತರ ಕೊಡುತ್ತಿತ್ತು. ಬಗ್ ಎಂದು ತಿಳಿಸಿದಾಗ ಎಐ ಐದೂವರೆ ಗಂಟೆ ಕೂಡಿಸಿತು, ಸರ್ವರ್‌ನಲ್ಲೂ 12ಕ್ಕೇ ಆಟ ಮಾಯವಾಯಿತು. ಟೆಸ್ಟ್‌ಗಳೆಲ್ಲ ಹಸಿರು, ಅಂದರೆ ಪಾಸ್. ಅವನ್ನೂ ಎಐಯೇ ಬರೆದದ್ದು, ಸಮಯವೆಲ್ಲ ಸಂಜೆ 7, 8 ಗಂಟೆ.

ಗಂಟು ಬಿಡಿಸಿದ್ದು ಪಟ್ಟಿ ತುಂಬುವವರು. ಕೋಡ್ ಬರೆಯದಿದ್ದರೂ ಆಟ ನೋಡುವವರು. ಪ್ರೇಕ್ಷಕರ ಪಾಲಿಗೆ ‘ಇಂದಿನ ಆಟ’ ಕೊನೆಯ ಮಂಗಳಪದ ಹಾಡುವವರೆಗೂ ಇಂದಿನದೇ. ಈಗ ಪ್ರತಿ ಆಟಕ್ಕೆ ಮೂರು ವಿವರ: ಆಟದ ದಿನ, ಆರಂಭ, ಮುಕ್ತಾಯ. ಸಮಯವಲಯ ‘ಏಷ್ಯಾ/ಕೋಲ್ಕತಾ’ ಎಂದೇ ಬರೆಯಬೇಕು, ಕೈಯಿಂದ ಗಂಟೆ ಕೂಡಿಸುವಂತಿಲ್ಲ. ಮುಕ್ತಾಯ ಕೊಟ್ಟಿರದಿದ್ದರೆ ಇಡೀ ರಾತ್ರಿಯ ಆಟಕ್ಕೆ ಮರುದಿನ 6.30, ಕಾಲಮಿತಿಯ (ನಡುರಾತ್ರಿಯ ಹೊತ್ತಿಗೆ ಮುಗಿಸುವ) ಆಟಕ್ಕೆ ರಾತ್ರಿ 1. ಟೆಸ್ಟ್ ನಾಲ್ಕು ಹೊತ್ತಿಗೆ: ರಾತ್ರಿ 11.55, 12.05, ಬೆಳಿಗ್ಗೆ 5.35, 6.35.

ಇದರಿಂದ ತಂಡದ ಕೆಲಸದ ಸರದಿಯೇ ತಿರುಗಿದೆ. ಪಟ್ಟಿ ತುಂಬುವವರು ಮೊದಲು ಕೊನೆಗೆ ಬರುತ್ತಿದ್ದರು, ಈಗ ಪ್ರಾಂಪ್ಟ್‌ಗೂ (ಎಐಗೆ ಕೊಡುವ ಸೂಚನೆಗೂ) ಮುಂಚೆ. ಏನು ಬೇಕು, ಯಾರಿಗೆ, ಏನು ಆಗಕೂಡದು, ಎರಡು ಉದಾಹರಣೆ: ಐದಾರು ಸಾಲು ಕನ್ನಡದಲ್ಲಿ ಬರೆದುಕೊಟ್ಟ ಮೇಲೆಯೇ ಕೋಡ್. ಟೆಸ್ಟ್‌ನ ಉದಾಹರಣೆಗಳು ಆ ಹಾಳೆಯಿಂದಲೇ ಬರಬೇಕು. ಕೋಡನ್ನೂ ಟೆಸ್ಟನ್ನೂ ಎಐ ಒಂದೇ ಊಹೆಯ ಮೇಲೆ ಬರೆದರೆ ಎರಡೂ ಒಟ್ಟಿಗೆ ತಪ್ಪುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ.

ರಿವ್ಯೂ, ಅಂದರೆ ಇನ್ನೊಬ್ಬರ ಕೋಡ್ ಓದಿ ಪರಿಶೀಲಿಸುವುದು, ಈಗ ಅತಿ ಭಾರದ ಕೆಲಸ. 900 ಸಾಲಿನ ಪುಲ್ ರಿಕ್ವೆಸ್ಟ್ (ಸೇರಿಸಲು ಕಳಿಸಿದ ಬದಲಾವಣೆ) ಬಂದರೆ ಓದುವವರು ಸ್ಕ್ರಾಲ್ ಮಾಡಿ ‘ಸರಿ ಉಂಟು’ ಎನ್ನುತ್ತಾರೆ. ಅದು ರಿವ್ಯೂ ಅಲ್ಲ. 200 ಸಾಲು ಮೀರಿದರೆ ಒಡೆದು ಕಳಿಸಬೇಕು. ಕಳಿಸಿದವರು ಪರದೆ ನೋಡದೆ ವಿವರಿಸಬೇಕು. ‘ಈ ಸಾಲು ತೆಗೆದರೆ ಏನು ಕೆಡುತ್ತದೆ?’ ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಮರ್ಜ್ ಇಲ್ಲ, ಅಂದರೆ ಕೋಡ್ ಸೇರಿಸುವುದಿಲ್ಲ. ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಮೊದಲ ಬಗ್ ಎಐ ಇಲ್ಲದೆ. ನಿಧಾನ, ಆದರೆ ಎರರ್ ಸಂದೇಶ ಓದಲು ಬೇರೆ ದಾರಿಯಲ್ಲಿ ಬರುವುದಿಲ್ಲ.

ಹೊಸ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕುವ ಮೊದಲು ಅದು ನಿಜವಾಗಿ ಇದೆಯೇ, ಎಷ್ಟು ಹಳೆಯದು, ಯಾರು ನೋಡಿಕೊಳ್ಳುತ್ತಾರೆ ಎಂದು ಮನುಷ್ಯರೇ ತೆರೆದು ನೋಡಬೇಕು. ಎಐ ಇಲ್ಲದ ಹೆಸರನ್ನೂ ಧೈರ್ಯವಾಗಿ ಹೇಳುತ್ತದೆ. ಅಂಥ ಹೆಸರಿನಲ್ಲೇ ಕೇಡಿನ ಕೋಡ್ ಹಾಕಿ ಕಾಯುವವರಿದ್ದಾರೆ.

ಸಮಯ ಉಳಿಯಿತೇ? ‘ಬೇಗ ಆಯಿತು’ ಎಂಬ ಅನಿಸಿಕೆಯನ್ನು ನೆಚ್ಚುವ ಹಾಗಿಲ್ಲ. ಎಐ ಪರೀಕ್ಷಿಸುವ ಮೆಟರ್ (METR) ಸಂಸ್ಥೆಯ 2025ರ ಪ್ರಯೋಗದಲ್ಲಿ 16 ಅನುಭವಿ ಡೆವಲಪರ್‌ಗಳು 246 ಕೆಲಸ ಮಾಡಿದರು. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಹೊತ್ತು ಹಿಡಿಯಿತು, ಅವರಿಗೆ ಮಾತ್ರ ಶೇ 20ರಷ್ಟು ಉಳಿಯಿತು ಎನಿಸಿತ್ತು. ಅದು ಅವರಿಗೆ ಚೆನ್ನಾಗಿ ಪರಿಚಯವಿದ್ದ ದೊಡ್ಡ ಕೋಡ್. ನಮ್ಮದು ಸಣ್ಣದು, ಲೆಕ್ಕ ಬೇರೆ ಬರಬಹುದು. ಆದ್ದರಿಂದ ಪ್ರಾಂಪ್ಟ್, ರಿವ್ಯೂ, ಮರುಕೆಲಸ ಮೂರಕ್ಕೂ ಪ್ರತ್ಯೇಕ ಸಮಯ ಬರೆದಿಡುತ್ತಿದ್ದೇವೆ.

ಹುಡುಕಾಟದಲ್ಲಿ ಒಂದು ತಿದ್ದುಪಡಿ: ‘ಕಟೀಲು’ ಪದದ ದೀರ್ಘ ಈಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಆದರೆ ಒಂದು ರೀತಿಯಲ್ಲಿ ಬರೆದದ್ದು ಇನ್ನೊಂದು ರೀತಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿ ಒಂದಾಗಿಸುವ ರೂಪ) ತಂದರೆ ಸಾಕು.

ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಮೇಳಗಳ ತಿರುಗಾಟ ಮುಗಿಯುವವರೆಗೆ ಹೊಸದೇನೂ ಸೇರಿಸುವುದಿಲ್ಲ. ಬಾಕಿ ಇರುವುದು ‘ಆಟ ರದ್ದು’ ಗುಂಡಿ. ಅಕಾಲ ಮಳೆ ಬಂದರೆ ಅದನ್ನು ಯಾರು ಒತ್ತಬೇಕೆಂಬುದು ತೀರ್ಮಾನವಾಗಿಲ್ಲ. ಸದ್ಯಕ್ಕೆ ಆಟ ಆಡಿಸುವವರಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಒತ್ತುವುದು ಎಂದಿಟ್ಟುಕೊಂಡಿದ್ದೇವೆ.